ಬೇಸ್ ಗಿಟಾರಿನ ನೆಕ್ ಕೂರಿಸುವುದು: ಪಕ್ಕದ ಸಂದಿ ಆಮೇಲೆ, ಮೊದಲು ತಳ ನೋಡಿ

ಮಂಡ್ಯದ ಗುತ್ತಲಿನಲ್ಲಿ ನಮ್ಮಪ್ಪನದು ಮರಗೆಲಸ. ಬಾಗಿಲು, ಕಿಟಕಿ, ಮಂಚ, ಒಂದು ಕಾಲಕ್ಕೆ ಎತ್ತಿನ ಗಾಡಿ. ನಾನು ಅದೇ ಕೊಟ್ಟಿಗೆಯಲ್ಲಿ ಮರದ ಪುಡಿ ಕುಡಿದು ಬೆಳೆದವನು. ಆದರೆ ಉಳಿ ಹಿಡಿಯುವ ವಯಸ್ಸಿಗೆ ಬೇಸ್ ಗಿಟಾರ್ ಹಿಡಿದೆ. ಹದಿನೆಂಟು ವರ್ಷದಿಂದ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದೇನೆ. ಗಣೇಶನ ಹಬ್ಬ, ಊರ ಹಬ್ಬ, ಮದುವೆ, ರಾಜ್ಯೋತ್ಸವ, ಯಾವುದನ್ನೂ ಬಿಟ್ಟಿಲ್ಲ.

ಮರದ ಬುದ್ಧಿ ಬಂದದ್ದು ಮಾತ್ರ ಒಂದು ಅವಮಾನದಿಂದ. ಪಾಂಡವಪುರದ ಕಡೆ ಒಂದು ಊರಲ್ಲಿ ಗಣೇಶನ ಕಾರ್ಯಕ್ರಮ. ಎರಡನೇ ಹಾಡಿನಲ್ಲೇ ತೆಳುವಾದ ಜಿ ತಂತಿ ಬೆರಳೊತ್ತುವ ಹಲಗೆಯ, ಅಂದರೆ ಫ್ರೆಟ್‌ಬೋರ್ಡಿನ ಅಂಚಿನಿಂದ ಜಾರಿ ಕೆಳಗೆ ಬಿತ್ತು. ಎತ್ತಿ ಕೂರಿಸಿದರೆ ಮತ್ತೆ ಜಾರಿತು. ಉಳಿದ ರಾತ್ರಿಯೆಲ್ಲ ಮೂರೇ ತಂತಿಯಲ್ಲಿ ನುಡಿಸಿದೆ. ಕೀಬೋರ್ಡಿನವನು ಇವತ್ತಿಗೂ ಆಡಿಕೊಳ್ಳುತ್ತಾನೆ.

ನೆಕ್ ಪಕ್ಕಕ್ಕೆ ಸರಿದಿತ್ತು. ನೆಕ್ ಅಂದರೆ ಗಿಟಾರಿನ ಉದ್ದನೆಯ ಕತ್ತು. ಅದರ ಬುಡ ಬಾಡಿಯಲ್ಲಿ, ಅಂದರೆ ಅಗಲವಾದ ಒಡಲಿನಲ್ಲಿ, ಕೊರೆದ ಗುಂಡಿಯೊಳಗೆ ಕೂರುತ್ತದೆ. ಆ ಗುಂಡಿಗೆ ಪಾಕೆಟ್ ಅನ್ನುತ್ತಾರೆ. ಮಾರನೇ ದಿನ ಬೇಸನ್ನು ಒಂದು ಅಂಗಡಿಗೆ ಕೊಟ್ಟೆ. ಅವರು ನೆಕ್ ಪಕ್ಕದ ಸಂದಿಗೆ ಗೋಂದು ತುಂಬಿ, ತಳಕ್ಕೆ ಮಡಚಿದ ರಟ್ಟು ಇಟ್ಟು, 900 ರೂಪಾಯಿ ತೆಗೆದುಕೊಂಡರು. ತಿಂಗಳೊಳಗೆ ತಂತಿ ಮತ್ತೆ ಅಂಚಿಗೆ ಬಂತು. ಕೊನೆಗೆ ಅಪ್ಪ ಬಿಸಿನೀರಿನ ಬಟ್ಟೆ ಇಟ್ಟು ಗೋಂದು ಮೆತ್ತಗೆ ಮಾಡಿ, ನೆಕ್ ಬಿಚ್ಚಿ, ಒಳಗೆ ಬೆರಳಾಡಿಸಿ ಹೇಳಿದ್ದು ಇಷ್ಟೇ: "ಸಂದಿ ತುಂಬ್ಸುದ್ರೆ ಏನ್ ಬಂತ್ಲಾ? ತಳ ಕುಂತದಾ ನೋಡು ಮೊದ್ಲು."

ಈಗ ಯಾರಾದರೂ ಬೇಸ್ ತಂದರೆ ನಾನು ಅದನ್ನೇ ಮಾಡುತ್ತೇನೆ. ಮೊನ್ನೆ ನಮ್ಮ ಬೀದಿಯ ಹುಡುಗನೊಬ್ಬ, ಇಂಜಿನಿಯರಿಂಗ್ ಓದುತ್ತಿರುವವನು, ಹೊಸದಾಗಿ ಕೊಂಡ ಸೆಕೆಂಡ್ ಹ್ಯಾಂಡ್ ಬೇಸ್ ತಂದು ಮುಖ ಸಣ್ಣ ಮಾಡಿಕೊಂಡು ನಿಂತ. "ಅಣ್ಣ, ನೆಕ್ ಪಕ್ಕ ಎಟಿಎಂ ಕಾರ್ಡ್ ತೂರುತ್ತೆ. ಹೋಯ್ತಾ ಇದು?"

ಹೋಗಿಲ್ಲ. ಯಾಕೆ ಅಂತ ಹೇಳುತ್ತೇನೆ.

ಹೀಗೆ ಬಿಚ್ಚಿ ಹಾಕಬಹುದಾದ ನೆಕ್ಕಿಗೆ ಬೋಲ್ಟ್ ಆನ್ ಅನ್ನುವುದು ಹೆಸರಿಗೆ. ಹೆಚ್ಚಿನವುಗಳಲ್ಲಿ ಇರುವುದು ಬೋಲ್ಟೂ ಅಲ್ಲ, ನಟ್ಟೂ ಇಲ್ಲ, ನಾಲ್ಕು ಮರದ ಸ್ಕ್ರೂ ಅಷ್ಟೇ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ಮಾಡಿದ ಏರ್ಪಾಡು ಇದು. ನೆಕ್ ಬೇರೆ, ಬಾಡಿ ಬೇರೆ ಮಾಡಿಕೊಂಡು ಕೊನೆಗೆ ಜೋಡಿಸುವುದು. ಕೆಟ್ಟರೆ ಬಿಚ್ಚಿ ಬೇರೆ ಹಾಕುವುದು. ನಮ್ಮ ಏಕಾಂಡ ವೀಣೆಯಲ್ಲಿ ದಂಡಿಯೂ ಕೊಡವೂ ಒಂದೇ ಮರದ ತುಂಡಿನಿಂದ ಬರುತ್ತವೆ, ಅಲ್ಲಿ ಕೂಡಿನ ತಲೆನೋವೇ ಇಲ್ಲ. ಇಲ್ಲಿ ತಲೆನೋವೆಲ್ಲ ಕೂಡಿನಲ್ಲೇ.

ಸಾಮಾನ್ಯ ನಾಲ್ಕು ತಂತಿ ಬೇಸ್‌ನಲ್ಲಿ ತಂತಿಗಳೆಲ್ಲ ಸೇರಿ ನೆಕ್ಕನ್ನು ಸುಮಾರು 70ರಿಂದ 80 ಕೆಜಿ ಬಲದಿಂದ ಎಳೆಯುತ್ತವೆ. ಒಂದು ಮೂಟೆ ಭತ್ತದ ತೂಕ ಅಂದುಕೊಳ್ಳಿ. ಆ ಎಳೆತಕ್ಕೆ ನೆಕ್ಕಿನ ತಲೆ, ಅಂದರೆ ಹೆಡ್‌ಸ್ಟಾಕ್ ಮೇಲಕ್ಕೆ ಬರಲು ನೋಡುತ್ತದೆ. ಆಗ ನೆಕ್‌ನ ಬುಡದ ಹಿಂಬದಿ, ಅಂದರೆ ಬಾಡಿಯ ಮೇಲೆ ತಂತಿ ಕಟ್ಟುವ ಬ್ರಿಡ್ಜ್ ಕಡೆಯ ತುದಿ, ಪಾಕೆಟ್ಟಿನ ತಳವನ್ನು ಒತ್ತುತ್ತದೆ. ಮುಂಬದಿ ತಳದಿಂದ ಏಳಲು ನೋಡುತ್ತದೆ. ಏಳದಂತೆ ಹಿಡಿಯುವುದು ಮುಂದಿನ ಎರಡು ಸ್ಕ್ರೂ. ಪಕ್ಕಕ್ಕೆ ಜಾರದಂತೆ ಹಿಡಿಯುವುದು ತಳಕ್ಕೂ ಬುಡಕ್ಕೂ ಇರುವ ತಿಕ್ಕಾಟ. ಇಷ್ಟರಲ್ಲಿ ಪಕ್ಕದ ಗೋಡೆಯ ಕೆಲಸ ಎಲ್ಲಿದೆ ಹೇಳಿ? ಅಂಟಿಸಿದ ನೆಕ್ ಆದರೆ ಗೋಡೆಯೂ ಮುಖ್ಯ. ಸ್ಕ್ರೂ ಹಾಕಿದ್ದಕ್ಕೆ ಗೋಡೆ ಬರೀ ದಾರಿ ತೋರಿಸುವ ಬೇಲಿ. ಎಟಿಎಂ ಕಾರ್ಡಿನ ದಪ್ಪ ಮುಕ್ಕಾಲು ಮಿಲಿಮೀಟರ್. ತಳ ಸರಿಯಾಗಿ ಕೂತಿದ್ದರೆ ಆ ಸಂದಿಯಿಂದ ಏನೂ ಆಗುವುದಿಲ್ಲ.

ತೀರಾ ಬಿಗಿ ಇರುವುದೂ ಒಳ್ಳೆಯದಲ್ಲ ಅಂತ ಸೇರಿಸುತ್ತೇನೆ. ಸ್ಕ್ರೂ ಇಲ್ಲದೆ ನೆಕ್ ಹಿಡಿದು ಎತ್ತಿದರೆ ಬಾಡಿ ಜೊತೆಗೇ ಬರಬೇಕು ಅಂತ ಕೆಲವರು ಜಂಬ ಕೊಚ್ಚುತ್ತಾರೆ. ನೋಡೋಕೆ ಚೆಂದ. ಆದರೆ ಮಳೆಗಾಲಕ್ಕೆ ಮರ ಸ್ವಲ್ಪ ಊದಿದಾಗ ಪಾಕೆಟ್ಟಿನ ಮೂಲೆಯಲ್ಲಿ ಪಾಲಿಶ್ ಬಿರುಕು ಬಿಡುತ್ತದೆ. ಒಂದು ತೆಳು ಕಾಗದ ಹೋಗುವಷ್ಟು ಜಾಗ ಇರಲಿ.

ಬಿಚ್ಚುವ ಮುಂಚೆ ತಂತಿ ಪೂರ್ತಿ ಸಡಿಲ ಮಾಡಿ. ಮೊದಲ ಫ್ರೆಟ್ಟಿನ, ಅಂದರೆ ತಲೆಯ ಕಡೆಯ ಮೊದಲ ಲೋಹದ ಗೆರೆಯ ಮೇಲೆ, ಕೇಪೋ ಅನ್ನುವ ತಂತಿ ಅದುಮುವ ಕ್ಲಿಪ್ ಹಾಕಿದರೆ ತಂತಿಗಳು ಶ್ರುತಿಯ ಕೀಲಿಯಿಂದ ಬಿಚ್ಚಿಕೊಂಡು ಸುರುಳಿಯಾಗುವುದಿಲ್ಲ. ಕೇಪೋ ಇಲ್ಲದಿದ್ದರೆ ಹಳೇ ಬಟ್ಟೆ ಸುತ್ತಿ ಕಟ್ಟಿ. ಬೇಸನ್ನು ಮಡಚಿದ ಕಂಬಳಿಯ ಮೇಲೆ ಬೋರಲು ಹಾಕಿ, ನೆಕ್ ಕೆಳಗೆ ದಿಂಬು ಕೊಡಿ. ಸ್ಕ್ರೂ ತಲೆಗೆ ಸರಿಯಾಗಿ ಕೂರುವ ಸ್ಟಾರ್ ಸ್ಕ್ರೂಡ್ರೈವರ್ ಬೇಕು, ಸಾಮಾನ್ಯವಾಗಿ 2ನೇ ನಂಬರಿನದು. ಸವೆದ ತುದಿ ತಲೆಯನ್ನು ಕೆಡಿಸುತ್ತದೆ. ಬ್ಯಾಟರಿ ಡ್ರಿಲ್ ಬೇಡವೇ ಬೇಡ. ರಟ್ಟಿನ ಮೇಲೆ ಸ್ಕ್ರೂಗಳ ತಲೆ ಕೂರುವ ಲೋಹದ ಪ್ಲೇಟಿನ ಚಿತ್ರ ಬರೆದು ನಾಲ್ಕು ಸ್ಕ್ರೂಗಳನ್ನು ಅದರದರ ಜಾಗಕ್ಕೆ ಚುಚ್ಚಿಡಿ. ನಾಲ್ಕರಲ್ಲಿ ಒಂದು ಗಿಡ್ಡ ಇದ್ದರೆ ಆಗಲೇ ಗೊತ್ತಾಗುತ್ತದೆ. ಉದ್ದದ್ದು ಗಿಡ್ಡದ ತೂತಿಗೆ ಹೋದರೆ ಫ್ರೆಟ್‌ಬೋರ್ಡ್ ಕಡೆಯಿಂದ ತುದಿ ಇಣುಕುತ್ತದೆ. ನೋಡಿದ್ದೇನೆ, ತಮಾಷೆಯಲ್ಲ.

ನೆಕ್ ಹೊರಗೆ ಬಂತಾ? ಈಗ ಪಾಕೆಟ್ಟಿಗೆ ಟಾರ್ಚ್ ಬಿಟ್ಟು ನೋಡಿ. ಬಣ್ಣದ ಗಂಟು, ಬಫಿಂಗ್ ಮೇಣ, ಮರದ ಪುಡಿ, ಸ್ಟಿಕ್ಕರು, ಹಳೇ ರಟ್ಟಿನ ತುಂಡು, ಯಾವುದಾದರೂ ಒಂದು ಇದ್ದೇ ಇರುತ್ತದೆ. ಚೂಪಾದ ಉಳಿಯನ್ನು ಚಪ್ಪಟೆ ಹಿಡಿದು ಗಂಟನ್ನು ಮಾತ್ರ ಕೆರೆಯಿರಿ. ತಳವನ್ನೇ ಸ್ಯಾಂಡ್‌ಪೇಪರಿನಿಂದ ಉಜ್ಜಲು ಹೋಗಬೇಡಿ. ಕೈಯಲ್ಲಿ ಉಜ್ಜಿದರೆ ಅಂಚು ಜಾಸ್ತಿ ಸವೆದು ನಡು ಉಬ್ಬಾಗುತ್ತದೆ. ಸಮ ಇದ್ದದ್ದನ್ನು ಹಾಳು ಮಾಡಿಕೊಂಡು ಬಂದವರೇ ನನ್ನ ಹತ್ತಿರ ಹೆಚ್ಚು.

ಸ್ಕ್ರೂ ತೂತುಗಳ ಬಾಯಿಯನ್ನು ಬೆರಳಿನಿಂದ ಸವರಿ. ನೆಕ್‌ನ ಬುಡದಲ್ಲೂ, ಪಾಕೆಟ್ಟಿನ ತಳದಲ್ಲೂ. ಸ್ಕ್ರೂ ಒಳಗೆ ಹೋಗುವಾಗ ಮರದ ನಾರನ್ನು ಎಬ್ಬಿಸಿ ತೂತಿನ ಸುತ್ತ ಸಣ್ಣ ಏರಿ ಕಟ್ಟಿರುತ್ತದೆ, ಇರುವೆ ಗೂಡಿನ ಬಾಯಿಯ ಹಾಗೆ. ಕಣ್ಣಿಗೆ ಕಾಣಿಸುವುದಿಲ್ಲ, ಬೆರಳಿಗೆ ಸಿಗುತ್ತದೆ. ದೊಡ್ಡ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಹಿಡಿದು ತೂತಿನ ಬಾಯಿಗೆ ಎರಡು ಸುತ್ತು ತಿರುಗಿಸಿ. ಏರಿ ಹೋಗಿ ಬಾಯಿ ಸ್ವಲ್ಪ ತೆರೆದುಕೊಂಡರೆ ಸಾಕು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ನನ್ನ ಬೇಸ್‌ನ ರೋಗವೂ ಇದೇ ಆಗಿತ್ತು, ಆ ಹುಡುಗನದೂ ಇದೇ.

ಖಾಲಿ ಬಾಡಿ ಎತ್ತಿ ಹಿಡಿದು, ಹಿಂಭಾಗದಿಂದ ಒಂದು ಸ್ಕ್ರೂವನ್ನು ತೂತಿಗೆ ಬಿಡಿ. ಅದು ಸಡಿಲವಾಗಿ ಜಾರಿ, ತಲೆಯ ತನಕ ಹೋಗಬೇಕು. ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಮಾತ್ರ ಹೋಗುತ್ತದೆ ಅಂದರೆ ಬಾಡಿಯ ತೂತು ಬಿಗಿ ಅಂತ ಅರ್ಥ. ಸ್ಕ್ರೂ ಕಚ್ಚಬೇಕಾದದ್ದು ನೆಕ್ಕನ್ನು ಮಾತ್ರ. ಬಾಡಿಯ ಮರವನ್ನೂ ಕಚ್ಚಿದರೆ ಏನಾಗುತ್ತದೆ? ಒಂದು ಸುತ್ತು ತಿರುಗಿಸಿದಾಗ ಸ್ಕ್ರೂ ಎರಡೂ ಮರದಲ್ಲಿ ಅಷ್ಟಷ್ಟೇ ಮುಂದೆ ಹೋಗುತ್ತದೆ. ನಡುವೆ ಕಾಲು ಮಿಲಿಮೀಟರ್ ಜಾಗವಿದ್ದರೆ ಆ ಜಾಗ ಹಾಗೇ ಉಳಿಯುತ್ತದೆ. ಸ್ಕ್ರೂ ತಲೆ ಬಂದು ಪ್ಲೇಟಿಗೆ ಬಡಿಯುತ್ತದೆ, ಕೈಗೆ ಗಟ್ಟಿ ಅನ್ನಿಸುತ್ತದೆ. "ಬಿಗಿಯಾಯ್ತು" ಅಂದುಕೊಂಡು ನಾವು ಬಿಡುತ್ತೇವೆ. ನಿಜಕ್ಕೂ ನೆಕ್ ಗಾಳಿಯಲ್ಲಿ ನಿಂತಿರುತ್ತದೆ. ಮೂಟೆ ಭತ್ತದ ಎಳೆತ ಬಿದ್ದಾಗ ದಿನಕ್ಕೆ ಕೂದಲೆಳೆಯಷ್ಟು ಸರಿಯುತ್ತದೆ. ಇನ್ನೂ ಬಿಗಿ ಮಾಡೋಣ ಅಂತ ಬಲ ಹಾಕಿದರೆ ನೆಕ್ ಕೆಳಗೆ ಬರುವುದಿಲ್ಲ, ಅದರೊಳಗಿನ ಥ್ರೆಡ್ ಕಿತ್ತು ಹೋಗುತ್ತದೆ.

ಒಂದು ಮರಕ್ಕೆ ಇನ್ನೊಂದು ಮರವನ್ನು ಸ್ಕ್ರೂ ಹಾಕಿ ಕೂಡಿಸುವಾಗ ಅಪ್ಪ ಇದನ್ನು ಯೋಚನೆ ಮಾಡದೆ ಮಾಡುತ್ತಿದ್ದರು. ಮೇಲಿನ ಮರಕ್ಕೆ ಸಡಿಲ ತೂತು, ಕೆಳಗಿನ ಮರಕ್ಕೆ ಬಿಗಿ ತೂತು. ಕಾರಣ ಕೇಳಿದರೆ "ಇನ್ನೇನ್ಲಾ ಮತ್ತೆ?" ಅನ್ನುತ್ತಿದ್ದರು.

ಇದಕ್ಕೆ ಮದ್ದು ಸುಲಭ. ಈ ಸ್ಕ್ರೂಗಳು ಹೆಚ್ಚಾಗಿ 8ನೇ ನಂಬರಿನವು, ಸುಮಾರು 45 ಮಿಮೀ ಉದ್ದ, 4.2 ಮಿಮೀ ದಪ್ಪ. ಬಾಡಿಯ ತೂತನ್ನು 4.5 ಮಿಮೀ ಬಿಟ್ಟಿನಿಂದ ಹಿಗ್ಗಿಸಿ. ನಿಮ್ಮ ಸ್ಕ್ರೂ ಬೇರೆ ದಪ್ಪದ್ದಾಗಿದ್ದರೆ ಅಳೆದು, ಅದಕ್ಕಿಂತ ಸ್ವಲ್ಪವೇ ದೊಡ್ಡ ಬಿಟ್ ತೆಗೆದುಕೊಳ್ಳಿ. ಬಾಡಿಯ ಹಿಂದೆ ತೂತಿನ ಸುತ್ತ ಪೇಂಟರ್‌ಗಳು ಅಂಟಿಸುವ ಕಾಗದದ ಟೇಪ್ ಹಚ್ಚಿ, ಬಣ್ಣ ಚಕ್ಕೆ ಏಳುವುದಿಲ್ಲ. ಪಾಕೆಟ್ ಕಡೆಯಿಂದ ನೆಟ್ಟಗೆ, ನಿಧಾನವಾಗಿ ಕೊರೆಯಿರಿ. ತೂತು ಇರುವುದರಿಂದ ಬಿಟ್ ತಾನೇ ದಾರಿ ಹಿಡಿಯುತ್ತದೆ. ಕೊರೆದ ಮೇಲೆ ಬಾಯಿಯ ನಾರನ್ನು ಮತ್ತೊಮ್ಮೆ ತೆಗೆಯಿರಿ. ಆ ಹುಡುಗನ ಬೇಸ್‌ನಲ್ಲಿ ನಾಲ್ಕರಲ್ಲಿ ಮೂರು ತೂತು ಬಿಗಿ ಇದ್ದವು. ಹಿಗ್ಗಿಸಿ ಕೂರಿಸಿದಾಗ ನೆಕ್ "ಟಕ್" ಅಂತ ಕೂತ ಸದ್ದು ಕೇಳಿ ಅವನು ನನ್ನ ಮುಖ ನೋಡಿದ. ನೆಕ್ ಪಕ್ಕ ಎಟಿಎಂ ಕಾರ್ಡ್ ಆಮೇಲೂ ತೂರುತ್ತಿತ್ತು!

ತಳ ನಿಜವಾಗಿ ಕೂತಿದೆಯಾ ಅಂತ ನೋಡಲು ಸೀಮೆಸುಣ್ಣ ಸಾಕು. ಬುಡದ ಅಡಿಗೆ ತೆಳ್ಳಗೆ ಬಳಿದು, ಪಾಕೆಟ್ಟಿನಲ್ಲಿ ಇಟ್ಟು, ಕೈಯಲ್ಲಿ ಒತ್ತಿ ಒಂದು ಕೂದಲೆಳೆ ಹಿಂದೆ ಮುಂದೆ ಆಡಿಸಿ ತೆಗೆಯಿರಿ. ಬಿಳಿ ಎಲ್ಲಿ ಅಂಟಿತೋ ಅಲ್ಲಿ ಮರಕ್ಕೆ ಮರ ತಾಗಿದೆ. ಎಲ್ಲೆಡೆ ಅಂಟಬೇಕು ಅನ್ನುವ ಆಸೆ ಬೇಡ. ನಾಲ್ಕು ಮೂಲೆಗೂ ಅಂಟಿದ್ದರೆ, ಮುಖ್ಯವಾಗಿ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ, ಸಾಕು. ನಡುವೆ ಮಾತ್ರ ಅಂಟಿದ್ದರೆ ತಳ ಉಬ್ಬಿದೆ, ನೆಕ್ ತೊಟ್ಟಿಲಿನ ಹಾಗೆ ತೂಗುತ್ತದೆ. ಆ ಬಿಳಿ ಅಂಟಿದ ಕಡೆ ಮಾತ್ರ ಉಳಿಯಿಂದ ಕೆರೆದು, ಮತ್ತೆ ಸುಣ್ಣ ಬಳಿದು ನೋಡಿ. ಐದಾರು ಸಲ ಆಗಬಹುದು. ಬೇಜಾರು ಮಾಡಿಕೊಳ್ಳಬೇಡಿ. ಕೆಲಸ ಮುಗಿದ ಮೇಲೆ ಸುಣ್ಣ ಒರೆಸಿ.

ವಾಪಸ್ ಸ್ಕ್ರೂ ಹಾಕುವಾಗ ಒಂದು ಕೈಚಳಕ ಇದೆ. ಸ್ಕ್ರೂವನ್ನು ತೂತಿನಲ್ಲಿ ಇಟ್ಟು ಮೊದಲು ಉಲ್ಟಾ ತಿರುಗಿಸಿ. ಒಂದು ಕಡೆ "ಟಿಕ್" ಅಂತ ಸಣ್ಣಗೆ ಕೆಳಗೆ ಬೀಳುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಹಳೇ ಥ್ರೆಡ್‌ನೊಳಗೇ ಹೋಗುತ್ತದೆ. ನೇರ ತಿರುಗಿಸಿದರೆ ಪ್ರತಿ ಸಲ ಹೊಸ ಥ್ರೆಡ್ ಕೊರೆದು, ಹತ್ತು ಸಲ ಬಿಚ್ಚಿ ಹಾಕುವಷ್ಟರಲ್ಲಿ ತೂತು ಹಿಟ್ಟಾಗುತ್ತದೆ. ಸ್ಕ್ರೂಗೆ ಮೇಣದ ಬತ್ತಿ ಸವರಿ. ಸೋಪು ಬೇಡ, ಅದು ತೇವ ಎಳೆದು ಸ್ಕ್ರೂಗೆ ತುಕ್ಕು ಹಿಡಿಸುತ್ತದೆ. ನಾಲ್ಕನ್ನೂ ಮೂಲೆಯಿಂದ ಮೂಲೆಗೆ ಹೋಗುತ್ತಾ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಮಣಿಕಟ್ಟಿನ ಬಲ ಸಾಕು, ತೋಳಿನ ಬಲ ಬೇಡ.

ಥ್ರೆಡ್ ಆಗಲೇ ಹೋಗಿದ್ದರೆ ಬೆಂಕಿಕಡ್ಡಿ ತುರುಕಿ ಒಂದು ಕಾರ್ಯಕ್ರಮ ದಾಟಿಸಬಹುದು. ನಾನೂ ಮಾಡಿದ್ದೇನೆ. ಸರಿಯಾದ ರಿಪೇರಿ ಅಂದರೆ ತೂತನ್ನು 8 ಮಿಮೀಗೆ ಕೊರೆದು, ಗಟ್ಟಿ ಮರದ ಗೂಟಕ್ಕೆ ಫೆವಿಕಾಲ್ ಹಚ್ಚಿ ಬಡಿದು, ಒಂದು ದಿನ ಒಣಗಿಸಿ, ಬುಡದ ಸಮಕ್ಕೆ ಕತ್ತರಿಸಿ, 3.2 ಮಿಮೀ ಬಿಟ್ಟಿನಿಂದ ಹೊಸ ತೂತು ಮಾಡುವುದು. ಎಷ್ಟು ಆಳ ಕೊರೆಯಬೇಕು ಅನ್ನುವುದಕ್ಕೆ ಬಿಟ್ಟಿನ ಮೇಲೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಗಟ್ಟಿ ಮರದ ಚೂರು ನಾನು ಮೈಸೂರಿಗೆ ಹೋದಾಗ ಬಂಬೂ ಬಜಾರ್ ಕಡೆಯಿಂದ ತರುತ್ತೇನೆ. ಬೀಟೆ ಸಿಕ್ಕರೆ ಹಬ್ಬ, ಇಲ್ಲದಿದ್ದರೆ ಹೊನ್ನೆ.

ಈಗ ನೆಕ್ ನೇರ ಇದೆಯಾ ನೋಡೋಣ. ಇ ಮತ್ತು ಜಿ ತಂತಿಗಳನ್ನು ಸ್ವಲ್ಪ ಬಿಗಿ ಮಾಡಿ, ಕೊನೆಯ ಫ್ರೆಟ್ಟಿನ ಹತ್ತಿರ ಎರಡೂ ತಂತಿ ಅಂಚಿನಿಂದ ಎಷ್ಟು ದೂರ ಅಂತ ನೋಡಿ. ಎರಡೂ ಕಡೆ ಒಂದೇ ಇರಬೇಕು. ಜಿ ತಂತಿ ಅಂಚಿಗೆ ಹತ್ತಿರ ಇದ್ದರೆ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ, ಹೆಡ್‌ಸ್ಟಾಕನ್ನು ಇ ತಂತಿಯ ಕಡೆಗೆ ಒತ್ತಿ ಹಿಡಿದು, ಮತ್ತೆ ಬಿಗಿ ಮಾಡಿ. ಹೆಡ್‌ಸ್ಟಾಕ್ 3 ಮಿಮೀ ಸರಿದರೆ ಕೊನೆಯ ಫ್ರೆಟ್ಟಿನಲ್ಲಿ ತಂತಿ ಸುಮಾರು 1 ಮಿಮೀ ಸರಿಯುತ್ತದೆ. ಪಕ್ಕದಲ್ಲಿ ಒಂದಿಷ್ಟು ಸಂದಿ ಇರುವುದು ಇಂಥ ಹೊತ್ತಿನಲ್ಲಿ ವರ ಅಲ್ವಾ? ಬಿಗಿ ಗೋಡೆ ಇದ್ದಿದ್ದರೆ ಸರಿಸುವುದಕ್ಕೆ ಜಾಗವೇ ಇರುತ್ತಿರಲಿಲ್ಲ. ಎಷ್ಟು ಒತ್ತಿದರೂ ಸರಿಬರದಿದ್ದರೆ ಬ್ರಿಡ್ಜೇ ಪಕ್ಕಕ್ಕೆ ಕೂತಿರಬಹುದು. ಆಗ ನೆಕ್ಕನ್ನು ಬೈಯಬೇಡಿ.

ಆಮೇಲೆ ನಾಲ್ಕೂ ತಂತಿಯನ್ನು ಶ್ರುತಿಗೆ ತನ್ನಿ. ನಾಲ್ಕು ಸ್ಕ್ರೂಗಳನ್ನೂ ಕಾಲು ಸುತ್ತು ಮಾತ್ರ ಸಡಿಲಿಸಿ. ಹಳೇ ಬಾಗಿಲಿನ ಹಾಗೆ "ಕಿರ್" ಅಂದರೆ ತಂತಿಯ ಎಳೆತಕ್ಕೆ ಬುಡ ಹಿಂದಿನ ಗೋಡೆಗೆ ಹೋಗಿ ಕೂತಿತು ಅಂತ. ಕೂಡಲೇ ಬಿಗಿ ಮಾಡಿ. ಕಾಲು ಸುತ್ತಿಗಿಂತ ಜಾಸ್ತಿ ಬಿಡಬೇಡಿ, ಎಳೆತ ಇರುವಾಗ ಮುಂದಿನ ಥ್ರೆಡ್‌ಗಳಿಗೆ ಕಷ್ಟ. ಶ್ರುತಿ ಮತ್ತೊಮ್ಮೆ ನೋಡಿಕೊಳ್ಳಿ, ಸ್ವಲ್ಪ ಇಳಿದಿರುತ್ತದೆ.

ಬೇರೆ ಬೇಸ್‌ನ ನೆಕ್ ತಂದು ಹಾಕುವವರಿಗೆ ಎರಡು ಅಳತೆ. ಫೆಂಡರ್ ಮಾದರಿಯ ನಾಲ್ಕು ತಂತಿ ಬೇಸ್‌ನಲ್ಲಿ ಬುಡದ ಅಗಲ ಸುಮಾರು 63.5 ಮಿಮೀ. ಆರು ತಂತಿ ಗಿಟಾರಿನದು ಸುಮಾರು 56, ಅದು ಇಲ್ಲಿ ಬರುವುದಿಲ್ಲ. ತಂತಿ ಮಿಡಿಯುವ ಉದ್ದದ ಲೆಕ್ಕ 34 ಇಂಚು, ಅಂದರೆ 864 ಮಿಮೀ. ತಲೆಯ ಕಡೆ ತಂತಿ ಕೂರುವ ನಟ್‌ನಿಂದ 12ನೇ ಫ್ರೆಟ್ಟಿಗೆ 432 ಬರಬೇಕು, ಅಲ್ಲಿಂದ ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್‌ಗೂ 432 ಮತ್ತು ಅದಕ್ಕಿಂತ ತುಸು ಜಾಸ್ತಿ. ಇದು ಬರದಿದ್ದರೆ ನೆಕ್ ಎಷ್ಟು ಚೆನ್ನಾಗಿ ಕೂತರೂ ಶ್ರುತಿ ನಿಲ್ಲುವುದಿಲ್ಲ.

ಕೊನೆಗೆ ನೆಕ್ ಬುಡದ ಅಡಿಗೆ ಇಡುವ ಚಕ್ಕೆಯ ವಿಷಯ. ಅಂಗಡಿಯವರು ಶಿಮ್ ಅನ್ನುತ್ತಾರೆ. ಚಕ್ಕೆ ಇಡುವುದು ತಪ್ಪಲ್ಲ, ಫೆಂಡರ್ ಕಾರ್ಖಾನೆಯಿಂದಲೇ ಚಕ್ಕೆ ಇಟ್ಟು ಬಂದ ಹಳೇ ಬೇಸ್‌ಗಳಿವೆ. ಆದರೆ ಯಾವಾಗ ಇಡಬೇಕು? ಸ್ಯಾಡಲ್‌ಗಳನ್ನು ಪೂರ್ತಿ ಇಳಿಸಿದ ಮೇಲೂ ತಂತಿ ಎತ್ತರವೇ ಇದೆ, ನೆಕ್ಕಿನ ಬಾಗು ತಿದ್ದುವ ಒಳಗಿನ ಸರಳು, ಅಂದರೆ ಟ್ರಸ್ ರಾಡ್, ಸರಿ ಇದೆ, ನೆಕ್ ನೇರ ಇದೆ. ಆಗ ಮಾತ್ರ. ಪಾಕೆಟ್ಟಿನ ಹಿಂಬದಿ, ಬ್ರಿಡ್ಜ್ ಕಡೆ ಇಡಬೇಕು. ಹೆಡ್‌ಸ್ಟಾಕ್ ಹಿಂದಕ್ಕೆ ವಾಲುತ್ತದೆ. ನನ್ನ ಬೇಸ್‌ನ ಪಾಕೆಟ್ 90 ಮಿಮೀ ಉದ್ದ. ಪಾಕೆಟ್ಟಿನ ಮುಂದಿನ ಅಂಚಿನಿಂದ ಸ್ಯಾಡಲ್‌ಗೆ 350. ಹಾಗಾಗಿ ಹಿಂದೆ ಅರ್ಧ ಮಿಲಿಮೀಟರ್ ಚಕ್ಕೆ ಇಟ್ಟರೆ ಸ್ಯಾಡಲ್ ಸುಮಾರು 2 ಮಿಮೀ ಇಳಿಸಿದಷ್ಟು ಫಲ. ಅರ್ಧವೇ ಅಷ್ಟು ಮಾಡುತ್ತದೆ, ಒಂದು ಮಿಲಿಮೀಟರ್ ಇಡುವ ಮುಂಚೆ ಎರಡು ಸಲ ಯೋಚಿಸಿ.

ಮಡಚಿದ ರಟ್ಟಿನ ತೊಂದರೆ ಅಂದರೆ ಅದು ಹಿಂದೆ ಮಾತ್ರ ಇರುತ್ತದೆ. ಅದಕ್ಕೂ ಮುಂದಿನ ಅಂಚಿಗೂ ನಡುವೆ ಟೊಳ್ಳು. ತಳ ಕೂರಲಿ ಅಂತ ಇಷ್ಟು ಹೊತ್ತು ಪಟ್ಟ ಪಾಡೆಲ್ಲ ನೀರಿಗೆ ಹೋದ ಹಾಗೆ. ಅದಕ್ಕೆ ಅಪ್ಪ ಮಾಡಿಕೊಟ್ಟದ್ದು ಪಾಕೆಟ್ಟಿನ ತಳದಷ್ಟೇ ಅಗಲ, ಅಷ್ಟೇ ಉದ್ದದ ಇಳಿಜಾರು ಚಕ್ಕೆ. ಹಿಂದೆ ಅರ್ಧ ಮಿಮೀ, ಮುಂದೆ ಬರುತ್ತಾ ಸೊನ್ನೆ. ಮಾಡುವುದು ಹೀಗೆ: ತೆಳು ವಿನೀರ್ ಚೂರನ್ನು ಪಾಕೆಟ್ ಅಳತೆಗೆ ಕತ್ತರಿಸಿ, ಸಮ ಹಲಗೆಗೆ ಎರಡೂ ಕಡೆ ಅಂಟುವ ಟೇಪಿನಲ್ಲಿ ಅಂಟಿಸಿ. ಹಲಗೆಯ ಮೇಲೆ, ಚಕ್ಕೆಯ ದಪ್ಪ ತುದಿಯ ಆಚೆ, ಅರ್ಧ ಮಿಮೀ ದಪ್ಪದ ಪಟ್ಟಿ ಅಂಟಿಸಿ. ಸ್ಯಾಂಡ್‌ಪೇಪರ್ ಸುತ್ತಿದ ಉದ್ದನೆಯ ಮರದ ತುಂಡಿನ ಒಂದು ತುದಿ ಆ ಪಟ್ಟಿಯ ಮೇಲೆ, ಇನ್ನೊಂದು ತುದಿ ಹಲಗೆಯ ಮೇಲೆ ಇರಲಿ. ಪಟ್ಟಿಗೂ ಹಲಗೆಗೂ ತಾಗುವ ಕಡೆ ಪೇಪರ್ ಇರಬಾರದು. ಹಾಗೇ ಉಜ್ಜುತ್ತಾ ಹೋದರೆ ಇಳಿಜಾರು ತಾನಾಗೇ ಬರುತ್ತದೆ. ಎರಡು ಚಕ್ಕೆ ಮುರಿಯುತ್ತವೆ, ಮೂರನೆಯದು ಬರುತ್ತದೆ. ಸ್ಕ್ರೂಗೆ ಸಡಿಲ ತೂತು ಮಾಡಿ, ಅಂಟಿಸದೆ ಸುಮ್ನೆ ಇಡಿ.

ಇಡುವ ಮುಂಚೆ ಚಕ್ಕೆಯ ಮೇಲೆ ಪೆನ್ಸಿಲಿನಲ್ಲಿ ದಪ್ಪ, ದಿಕ್ಕು, ದಿನಾಂಕ ಬರೆಯಿರಿ. ನನ್ನ ಬೇಸ್ ಬಿಚ್ಚಿದರೆ ಅಪ್ಪನ ಅಕ್ಷರದಲ್ಲಿ "ಅರ್ಧ, ದಪ್ಪ ಹಿಂದಕ್ಕೆ, 2014" ಅಂತ ಇದೆ. ಆ ಹುಡುಗ ತನ್ನ ಚಕ್ಕೆಯ ಮೇಲೆ ತನ್ನ ಹೆಸರನ್ನೂ ಬರೆದು, ಫೋಟೋ ತೆಗೆದುಕೊಂಡು, ಆಮೇಲೆ ಸ್ಕ್ರೂ ಹಾಕಿದ. ಎರಡು ವಾರ ಬಿಟ್ಟು ಸ್ಕ್ರೂ ಒಮ್ಮೆ ನೋಡು ಅಂತ ಹೇಳಿ ಕಳಿಸಿದ್ದೇನೆ. ಹೊಸದಾಗಿ ಕೂತ ಮರ ಒಂದಿಷ್ಟು ಅದುಮಿಕೊಳ್ಳುತ್ತದೆ, ಆಗ ಮಣಿಕಟ್ಟಿಗೆ ಸಿಗುವಷ್ಟು ಬಿಗಿ ಮಾಡಬೇಕು.